ಹನ್ನೆರಡು ಅಡಿ ಕೋಣೆಗೆ ಎಷ್ಟು ಇಂಚು?

ಹೈದರಾಬಾದಿನ ನಾಂಪಲ್ಲಿ ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿದೆ. ಅಲ್ಲಿನ ಗಾಳಿ ಮುಂಬೈ, ಮಂಗಳೂರುಗಳ ಗಾಳಿಗಿಂತ ತುಸು ತೆಳು. ಆದರೂ 43 ಇಂಚಿನ ಹಳೇ ಬಗೆಯ ಗಾಜಿನ ಪಿಕ್ಚರ್ ಟ್ಯೂಬೊಂದನ್ನು ಅಲ್ಲಿ ತಂದಿಟ್ಟರೆ, ಅದರ ಮುಖದ ಮೇಲೆ ಆ ತೆಳು ಗಾಳಿಯೇ ಹೇರುವ ಭಾರ ಸುಮಾರು ಐದೂವರೆ ಟನ್. ಟ್ಯೂಬಿನೊಳಗೆ ನಿರ್ವಾತವಿರುವುದರಿಂದ ಒಳಗಿನಿಂದ ಎದುರೊತ್ತುವುದು ಏನೂ ಇಲ್ಲ. ಇಡೀ ಭಾರವನ್ನು ಗಾಜೇ ಹೊರಬೇಕು. ಪರದೆ ಅಗಲವಾದಷ್ಟೂ ಗಾಜು ದಪ್ಪವಾಗಬೇಕು, ಹಿಂದಿನ ಕೊಳವೆ ಉದ್ದವಾಗಬೇಕು. 1989ರಲ್ಲಿ ಸೋನಿ ಕಂಪನಿ ಹಟ ಹಿಡಿದು 43 ಇಂಚಿನ ಟ್ಯೂಬ್ ಟಿವಿಯೊಂದನ್ನು ಮಾಡಿಯೂ ಮಾಡಿತು. ಅದರ ತೂಕ ಸುಮಾರು 200 ಕಿಲೋ. ಬೆಲೆ ಅಮೆರಿಕದಲ್ಲಿ 40,000 ಡಾಲರ್.

ಮನೆಯಲ್ಲೇ ಸಿನಿಮಾ ಟಾಕೀಸು ಮಾಡಿಕೊಳ್ಳಬೇಕೆಂಬ ಆಸೆಗೂ ಈ ಗಾಜಿನ ಗೋಡೆಗೂ ನಡುವೆ ದಾರಿ ಮಾಡಿಕೊಟ್ಟದ್ದು ಪ್ರೊಜೆಕ್ಷನ್ ಟಿವಿ. ದೊಡ್ಡ ಟ್ಯೂಬೇ ಬೇಡ, ಸಣ್ಣ ಟ್ಯೂಬಿನಲ್ಲಿ ಚಿತ್ರ ಮೂಡಿಸಿ ಅದನ್ನು ಲೆನ್ಸಿನಿಂದ ದೊಡ್ಡದು ಮಾಡಿ ಪರದೆಯ ಬೆನ್ನಿಗೆ ಬೀಳಿಸಿದರಾಯಿತು ಎಂಬುದು ಅದರ ಸೂತ್ರ. ಆಲೋಚನೆ ಹೊಸದೇನಲ್ಲ. 1947ರಲ್ಲೇ ಅಮೆರಿಕದ ಆರ್‌ಸಿಎ ಕಂಪನಿ ಐದಿಂಚಿನ ಟ್ಯೂಬು, ಖಗೋಳ ದೂರದರ್ಶಕಗಳಿಂದ ಎರವಲು ಪಡೆದ ಶ್ಮಿಟ್ ಕನ್ನಡಿ ವ್ಯವಸ್ಥೆ, ಇವೆರಡನ್ನೂ ಒಂದು ಮರದ ಬೀರುವಿನೊಳಗೆ ಕೂರಿಸಿ 20 ಇಂಚು ಅಗಲ, 15 ಇಂಚು ಎತ್ತರದ ಕಪ್ಪು ಬಿಳುಪು ಚಿತ್ರ ತೋರಿಸಿತ್ತು. ಆಗಿನ ಮಾಮೂಲಿ ಟಿವಿಯ ಪರದೆ ಹತ್ತು ಇಂಚಿನದು. ಮುಂದೆ 1972ರಲ್ಲಿ ಹೆನ್ರಿ ಕ್ಲಾಸ್ ಎಂಬ ಸ್ಪೀಕರ್ ತಜ್ಞ, ತನ್ನ ಅಡ್ವೆಂಟ್ ಕಂಪನಿಯಿಂದ ಬಣ್ಣದ ಪ್ರೊಜೆಕ್ಷನ್ ಟಿವಿಯನ್ನು ಮನೆಗಳಿಗೆ ಮಾರಿದ. ಅದರಲ್ಲಿ ಪರದೆ ಬೇರೆ, ಪ್ರೊಜೆಕ್ಟರ್ ಬೇರೆ. ಬಣ್ಣದ ಸೆಟ್ಟುಗಳಲ್ಲೂ ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಸೇರುವುದು ರೂಢಿಯಾದದ್ದು ಎಂಬತ್ತರ ದಶಕದಲ್ಲಿ. ಭಾರತದ ಅಂಗಡಿಗಳಲ್ಲಿ ಆ ಪೆಟ್ಟಿಗೆ ಎಲ್ಲರ ಕಣ್ಣಿಗೆ ಬಿದ್ದದ್ದು ತೊಂಬತ್ತರ ದಶಕದ ಕೊನೆಗೆ.

ಹೈದರಾಬಾದಿನಲ್ಲಿ ಇಂಥದ್ದನ್ನು ಹುಡುಕುವವರು ನಾಂಪಲ್ಲಿ ಸುತ್ತಲೇ ಸುತ್ತುತ್ತಿದ್ದರು. ಹೈದರಾಬಾದ್ ಡೆಕ್ಕನ್ ಎಂದು ರೈಲ್ವೆ ಕರೆಯುವ, ಊರವರು ನಾಂಪಲ್ಲಿ ಸ್ಟೇಷನ್ ಎನ್ನುವ ನಿಲ್ದಾಣದಿಂದ ಆಟೋ ಹತ್ತಿದರೆ ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿಗೂ, ಕೋಠಿಯ ಗುಜರಾತಿ ಗಲ್ಲಿಗೂ ದೂರವೇನಿಲ್ಲ. ಮೊದಲನೆಯದು ಸಾಮಾನು ಕೊಳ್ಳುವವರ ಜಾಗ, ಎರಡನೆಯದು ಸ್ಪೀಕರ್, ವೈರು, ಐಸಿ, ಬಿಡಿಭಾಗ ಹುಡುಕುವವರ ಸ್ವರ್ಗ. ಇನ್ನು ಜನವರಿ ಬಂತೆಂದರೆ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ನುಮಾಯಿಷ್. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಪಕ್ಕದ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಕೆಲವೇ ಮಳಿಗೆಗಳೊಂದಿಗೆ ಶುರು ಮಾಡಿದ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಉದ್ಘಾಟಿಸಿದ ಪ್ರದರ್ಶನ ಇದು. 1946ರಲ್ಲಿ ಈಗಿನ ಮೈದಾನಕ್ಕೆ ಬಂತು. ಜನವರಿ ಒಂದರಿಂದ ಫೆಬ್ರುವರಿ ನಡುವಿನ ತನಕ ಕಾಶ್ಮೀರಿ ಶಾಲು, ಲಖನೌ ಚಿಕನ್ ಕಸೂತಿಯಿಂದ ಹಿಡಿದು ಮಿಕ್ಸಿ, ಸೋಫಾ, ಟಿವಿ ತನಕ ಎಲ್ಲವೂ ಅಲ್ಲಿ ಸಿಗುತ್ತವೆ.

ಕನ್ನಡಿಗರಿಗೂ ಈ ಪೇಟೆ ಪರಕೀಯವಲ್ಲ. 1956ರ ತನಕ ಕಲಬುರಗಿ, ಬೀದರ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಕಾಚಿಗುಡದಲ್ಲಿ ಇವತ್ತಿಗೂ ನೃಪತುಂಗ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ಕಲಬುರಗಿ, ವಾಡಿ ಕಡೆಯಿಂದ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿದವರು ಇಳಿಯುವುದು ಇದೇ ನಾಂಪಲ್ಲಿಯಲ್ಲಿ. ಮದುವೆ ಜವಳಿಗೆ ಬಂದವರು ಎಲೆಕ್ಟ್ರಾನಿಕ್ಸ್ ಅಂಗಡಿಗೂ ಒಂದು ಸುತ್ತು ಹಾಕಿ ಹೋಗುವುದು ಆ ಕಡೆಯ ಹಳೇ ರೂಢಿ.

ಅಷ್ಟೇ ಏಕೆ, ಕನ್ನಡದ ಹಳ್ಳಿಗಳು ಮೊದಲ ಸಲ ಟಿವಿ ಕಂಡದ್ದರ ಹಿಂದೆಯೂ ಹೈದರಾಬಾದಿನ ಕೈಯಿದೆ. 1975ರ ಆಗಸ್ಟ್ ಒಂದರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನಾಸಾದ ಎಟಿಎಸ್-6 ಉಪಗ್ರಹದಿಂದ ಕಾರ್ಯಕ್ರಮಗಳು ಇಳಿದವು. ಕರ್ನಾಟಕದ ಪಾಲಿಗೆ ಬಂದದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಅಲ್ಲಿನ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಹಳ್ಳಿಗಳಲ್ಲಿಟ್ಟ ಸೆಟ್ಟುಗಳನ್ನು ತಯಾರಿಸಿದ್ದು ವಿಜ್ಞಾನಿ ಎ. ಎಸ್. ರಾವ್ ಕಟ್ಟಿ ಬೆಳೆಸಿದ ಹೈದರಾಬಾದಿನ ಇಸಿಐಎಲ್ ಕಂಪನಿ. ಶಾಲೆಯಂಗಳದಲ್ಲಿ ಊರಿಗೆ ಊರೇ ಒಂದು ಸೆಟ್ಟಿನ ಮುಂದೆ ಕೂತು ನೋಡುತ್ತಿತ್ತು. ಹಿಂದಿನ ಸಾಲಿನವರಿಗೆ ಏನು ಕಂಡಿತೋ ದೇವರೇ ಬಲ್ಲ. ಕಣ್ಣಿಗೂ ಪರದೆಗೂ ಇರುವ ದೂರದ ಲೆಕ್ಕ ಅಂದೇ ತಪ್ಪಿತ್ತು.

ಆ ಲೆಕ್ಕ ಬಲು ಸರಳ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು ಕೋನದಲ್ಲಿರುವ ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಅದಕ್ಕಿಂತ ಹತ್ತಿರವಿದ್ದರೆ ಎರಡೂ ಬೆರೆತು ಒಂದೇ ಆಗಿ ಕಾಣುತ್ತವೆ. ಮೂರು ಮೀಟರ್ ದೂರದಿಂದ ನೋಡುವವನಿಗೆ ಈ ಎಲ್ಲೆ ಬರುವುದು ಒಂದು ಮಿಲಿಮೀಟರಿಗೆ ತುಸು ಕಡಿಮೆ ಅಂತರದಲ್ಲಿ. ಟಿವಿ ಚಿತ್ರದ ಗೆರೆಗಳ ನಡುವಿನ ಅಂತರ ಅದಕ್ಕಿಂತ ಹೆಚ್ಚಾದರೆ ಗೆರೆಗಳೇ ಎದ್ದು ಕಾಣುತ್ತವೆ, ನಟಿಯ ಮುಖದ ಮೇಲೆ ಕಿಟಕಿಯ ಸರಳು ಎಳೆದಂತೆ.

ಈಗ ಹೈದರಾಬಾದಿನ ಒಂದು ಮಾಮೂಲಿ ಫ್ಲ್ಯಾಟಿನ ಹಾಲ್ ತೆಗೆದುಕೊಳ್ಳಿ. ಗೋಡೆಯಿಂದ ಗೋಡೆಗೆ ಹನ್ನೆರಡು ಅಡಿ. ಪ್ರೊಜೆಕ್ಷನ್ ಪೆಟ್ಟಿಗೆ ಎರಡು ಅಡಿ ಜಾಗವನ್ನು ಮೊದಲೇ ನುಂಗುತ್ತದೆ. ಎದುರುಗೋಡೆಗೆ ಆನಿಸಿಟ್ಟ ಸೋಫಾದಲ್ಲಿ ಕೂತವನ ಕಣ್ಣು ಗೋಡೆಯಿಂದ ಅರ್ಧ ಅಡಿಯಾದರೂ ಮುಂದಿರುತ್ತದೆ. ಉಳಿಯುವುದು ಸುಮಾರು 2.9 ಮೀಟರ್. ದೂರದರ್ಶನವಾಗಲಿ, ಕೇಬಲ್ ಆಗಲಿ, ಡಿವಿಡಿಯಾಗಲಿ ಆ ಕಾಲದಲ್ಲಿ ಕೊಡುತ್ತಿದ್ದದ್ದು 576 ಗೆರೆಗಳ ಚಿತ್ರ. ಲೆಕ್ಕ ಹಾಕಿದರೆ, ಗೆರೆ ಕಾಣದಂತೆ ನೋಡಬಹುದಾದ ಪರದೆಯ ಎತ್ತರ 49 ಸೆಂಟಿಮೀಟರ್. ಹಳೇ ಚೌಕಾಕಾರದ 4:3 ಟಿವಿಯಾದರೆ 32 ಇಂಚು. ಅಗಲ ಪರದೆಯ 16:9 ಆದರೆ 39 ಇಂಚು. ಅಂಗಡಿಯಲ್ಲಿ ಅಷ್ಟು ಗಂಭೀರವಾಗಿ ನಿಂತಿದ್ದ 43 ಇಂಚಿನ ಚೌಕ ಪೆಟ್ಟಿಗೆ, ಮನೆಗೆ ಬಂದ ಮೇಲೆ ಹಾಲಿಗೆ ದೊಡ್ಡದೇ ಆಯಿತೆನಿಸುತ್ತಿದ್ದುದು ಸುಮ್ಮನೆ ಅಲ್ಲ. ಸೆಟ್ಟಿನ ದೋಷವೆಂದು ಬೈದವರೇ ಹೆಚ್ಚು. ದೋಷವಿದ್ದದ್ದು ಹನ್ನೆರಡು ಅಡಿಯಲ್ಲಿ.

ಸಿನಿಮಾದವರಿಗೆ ಇನ್ನೊಂದು ತಂಟೆ. 1974ರ ‘ಅಲ್ಲೂರಿ ಸೀತಾರಾಮರಾಜು’ ತೆಲುಗಿನ ಮೊದಲ ಸಿನಿಮಾಸ್ಕೋಪ್ ಚಿತ್ರ. ಕನ್ನಡಕ್ಕೆ ಆ ಅಗಲ ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಿಂದ. ಆಮೇಲೆ ದಕ್ಷಿಣದ ದೊಡ್ಡ ಚಿತ್ರಗಳೆಲ್ಲ ಹೆಚ್ಚುಕಮ್ಮಿ ಸ್ಕೋಪ್‌ಮಯ. ಎತ್ತರಕ್ಕಿಂತ ಎರಡೂಕಾಲು ಪಟ್ಟಿಗೂ ಹೆಚ್ಚು ಅಗಲವಿರುವ ಈ ಚಿತ್ರವನ್ನು 43 ಇಂಚಿನ 4:3 ಪರದೆಯಲ್ಲಿ ಪೂರ್ತಿ ತೋರಿಸಿದರೆ ಚಿತ್ರ ಆವರಿಸುವ ಎತ್ತರ 37 ಸೆಂಟಿಮೀಟರ್ ಮಾತ್ರ. ಪರದೆಯ ನೂರಕ್ಕೆ 43 ಪಾಲು ಮೇಲೆ ಕೆಳಗೆ ಕಪ್ಪು ಪಟ್ಟಿ. ದೊಡ್ಡ ಪರದೆಯೆಂದು ದುಡ್ಡು ಕೊಟ್ಟವನು ಅದರ ಸುಮಾರು ಅರ್ಧವನ್ನು ಕತ್ತಲೆಗೆ ಕೊಟ್ಟಂತಾಯಿತು. ಹೋಮ್ ಥಿಯೇಟರ್ ಮಾಡುವ ಮನಸ್ಸಿದ್ದವನು ಇಂಚಿನ ಸಂಖ್ಯೆಗಿಂತ ಮೊದಲು ಪರದೆಯ ಆಕಾರ ಕೇಳಬೇಕಿತ್ತು.

ಕಪ್ಪು ಪಟ್ಟಿಯಿಂದ ನಷ್ಟ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಮೊದಲ ಪೀಳಿಗೆಯ ಪೆಟ್ಟಿಗೆಯೊಳಗೆ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಏಳಿಂಚಿನ ಮೂರು ಟ್ಯೂಬುಗಳಿರುತ್ತಿದ್ದವು. ಅಷ್ಟು ಸಣ್ಣ ಮುಖದಿಂದ ಅಷ್ಟು ದೊಡ್ಡ ಪರದೆಯನ್ನು ಬೆಳಗಿಸಬೇಕಾದರೆ ಒಳಗಿನ ಫಾಸ್ಫರ್ ಲೇಪವನ್ನು ಮಿತಿಮೀರಿ ದುಡಿಸಬೇಕು. ಹೆಚ್ಚು ದುಡಿದ ಜಾಗ ಬೇಗ ಮಾಸುತ್ತದೆ. ದಿನವೂ ಕಪ್ಪು ಪಟ್ಟಿಯ ಸಿನಿಮಾ ಓಡಿದರೆ ನಡುವಿನ ಭಾಗ ಮಾತ್ರ ಮಾಸಿ, ಆಮೇಲೆ ಪೂರ್ಣ ಚಿತ್ರ ಹಾಕಿದಾಗ ಪಟ್ಟಿಯ ಗುರುತು ತೋರುತ್ತದೆ. ಚಾನೆಲ್ಲಿನ ಲೋಗೋ, ಕ್ರಿಕೆಟ್ಟಿನ ಸ್ಕೋರು ಪಟ್ಟಿ, ಸುದ್ದಿಯ ಸ್ಕ್ರಾಲು ಎಲ್ಲವೂ ಹೀಗೇ ಹಚ್ಚೆ ಹಾಕಿ ಹೋಗುತ್ತಿದ್ದವು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ತಂದ ದಿನವೇ ಅರ್ಧಕ್ಕಿಳಿಸುವುದು ಇದಕ್ಕಿದ್ದ ಒಂದೇ ಮದ್ದು. ಅಂಗಡಿಯ ಟ್ಯೂಬ್‌ಲೈಟುಗಳ ಕೆಳಗೆ ಗಿರಾಕಿಯನ್ನು ಸೆಳೆಯಲೆಂದು ಎರಡನ್ನೂ ತುತ್ತತುದಿಗೆ ಏರಿಸಿಟ್ಟಿರುತ್ತಿದ್ದರು. ತಿಂಗಳುಗಟ್ಟಲೆ ಹಾಗೆ ಉರಿದ ಡಿಸ್‌ಪ್ಲೇ ಸೆಟ್ಟನ್ನು ರಿಯಾಯಿತಿಗೆ ಕೊಂಡವನು ಹಚ್ಚೆಯನ್ನೂ ಸೇರಿಸಿಯೇ ಕೊಂಡ ಲೆಕ್ಕ.

ಮೂರು ಟ್ಯೂಬುಗಳ ಮೂರು ಚಿತ್ರ ಪರದೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಒಂದರ ಮೇಲೊಂದು ಕೂರಬೇಕು. ಇದಕ್ಕೆ ಕನ್ವರ್ಜೆನ್ಸ್ ಎನ್ನುತ್ತಾರೆ. ಒಂಚೂರು ಜಾರಿದರೂ ಬಿಳಿ ಅಕ್ಷರದ ಒಂದು ಮಗ್ಗುಲಿಗೆ ಕೆಂಪು, ಇನ್ನೊಂದು ಮಗ್ಗುಲಿಗೆ ನೀಲಿ ಅಂಚು. ಜಾರಿಸಲು ದೊಡ್ಡ ಕಾರಣ ಬೇಕಿಲ್ಲ. ಟ್ಯೂಬಿನ ಎಲೆಕ್ಟ್ರಾನುಗಳನ್ನು ಭೂಮಿಯ ಕಾಂತಕ್ಷೇತ್ರವೂ ಬಾಗಿಸುತ್ತದೆ. ಹಾಗಾಗಿ ಪೂರ್ವಕ್ಕೆ ಮುಖಮಾಡಿದ್ದ ಸೆಟ್ಟನ್ನು ವಾಸ್ತು ಹೇಳಿತೆಂದು ಉತ್ತರಕ್ಕೆ ತಿರುಗಿಸಿದರೆ ಮತ್ತೆ ಹೊಂದಿಸಬೇಕು! ಸೆಟ್ಟು ಬೆಚ್ಚಗಾಗುತ್ತಲೂ ಚಿತ್ರ ಸರಿಯುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆಯೇ ಗೆರೆಚೌಕದ ಪರೀಕ್ಷಾ ಚಿತ್ರ ಹಾಕಿ ಮೂಲೆಗಳನ್ನು ನೋಡಬೇಕು. ಹೊಂದಾಣಿಕೆಯ ಸುರುಳಿಗಳಿಗೆ ಕರೆಂಟು ಕೊಡುತ್ತಿದ್ದ ‘ಎಸ್‌ಟಿಕೆ’ ಐಸಿಗಳು ಕಾವಿಗೆ ಸುಟ್ಟು ಹೋದರಂತೂ ಮೂರು ಬಣ್ಣಗಳು ಮೂರು ದಿಕ್ಕಿಗೆ. ಅದೇ ಮನೆತನದ ಐಸಿಗಳನ್ನು ಆಂಪ್ಲಿಫೈಯರುಗಳಲ್ಲಿ ಬಿಚ್ಚಿ ಹಾಕಿ ಪಳಗಿದ್ದ ಮೆಕ್ಯಾನಿಕ್‌ಗಳಿಗೆ ಇದೇನೂ ಹೊಸ ರೋಗವಾಗಿರಲಿಲ್ಲ.

ಟ್ಯೂಬಿನ ಮುಖಕ್ಕೂ ಲೆನ್ಸಿಗೂ ನಡುವೆ ಎಥಿಲಿನ್ ಗ್ಲೈಕಾಲ್ ಬೆರೆತ ದ್ರವ ತುಂಬಿರುತ್ತಿತ್ತು. ಶಾಖ ಎಳೆದುಕೊಳ್ಳುವುದು ಅದರ ಕೆಲಸ. ವರ್ಷಗಳು ಕಳೆದಂತೆ ಅದು ಮಂಕಾಗುತ್ತದೆ, ಒಮ್ಮೊಮ್ಮೆ ಅದರಲ್ಲಿ ಬೂಷ್ಟು ಬೆಳೆಯುವುದೂ ಉಂಟು. ಚಿತ್ರವೇಕೆ ಹಾಲು ಚೆಲ್ಲಿದಂತಿದೆ ಎಂದು ಹೊರಗಿನ ಪರದೆಯನ್ನು ಉಜ್ಜಿದವರು ಬಹಳ. ಒಳಗಿನ ಕನ್ನಡಿಯನ್ನು ಉಜ್ಜಿದವರ ಪಾಡು ಇನ್ನೂ ಕೆಟ್ಟದ್ದು, ಏಕೆಂದರೆ ಅದರ ಬೆಳ್ಳಿಯಂಥ ಲೇಪ ಇರುವುದು ಗಾಜಿನ ಹಿಂದಲ್ಲ, ಮುಂದೆ. ಒರಟು ಬಟ್ಟೆ ತಾಗಿದರೆ ಗೀರು ಬಿತ್ತೆಂದೇ ಅರ್ಥ.

ಇಷ್ಟೆಲ್ಲ ರಗಳೆಯ ನಡುವೆ ನಿಜವಾದ ಜಾಣತನ ಅಡಗಿದ್ದುದು ಪರದೆಯಲ್ಲಿ. ಹೊರಗಿನಿಂದ ಬರೀ ಪ್ಲಾಸ್ಟಿಕ್ ಹಾಳೆಯಂತೆ ಕಾಣುವ ಅದು ಎರಡು ಪದರಗಳ ಲೆನ್ಸು. ಹಿಂದಿನದು ಫ್ರೆನೆಲ್ ಲೆನ್ಸ್. ದೀಪಸ್ತಂಭಗಳ ಬೆಳಕನ್ನು ದೂರದ ಹಡಗಿಗೆ ಮುಟ್ಟಿಸಲು ಫ್ರೆಂಚ್ ಭೌತವಿಜ್ಞಾನಿ ಆಗುಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ಬಳಕೆಗೆ ತಂದದ್ದು. ದಪ್ಪ ಲೆನ್ಸಿನ ಹೊಟ್ಟೆಯನ್ನು ಬಗೆದು ತೆಗೆದು, ಬಾಗಿದ ಮೈಯನ್ನಷ್ಟೇ ಉಂಗುರ ಉಂಗುರವಾಗಿ ಚಪ್ಪಟೆ ಹಾಳೆಯ ಮೇಲೆ ಉಳಿಸಿಕೊಂಡಿರುವುದು ಅದರ ವಿಶೇಷ. ಚೆದುರಿ ಬರುವ ಕಿರಣಗಳನ್ನು ಅದು ನೇರ ಮಾಡಿ ಮುಂದಕ್ಕೆ ಕಳಿಸುತ್ತದೆ. ಅದಿಲ್ಲದಿದ್ದರೆ ಪರದೆಯ ನಡುವೆ ಬೆಳಕಿನ ಕುಂಡ, ಮೂಲೆಗಳಲ್ಲಿ ಕತ್ತಲು. ಮುಂದಿನ ಪದರದಲ್ಲಿ ಲಂಬವಾಗಿ ನಿಂತ ಸಣ್ಣ ಸಣ್ಣ ಏಣುಗಳು, ಅವುಗಳ ನಡುವೆ ಕಪ್ಪು ಗೆರೆಗಳು. ಏಣುಗಳು ಬೆಳಕನ್ನು ಎಡಬಲಕ್ಕೆ ಹರಡುತ್ತವೆ, ಕಪ್ಪು ಗೆರೆಗಳು ಕೋಣೆಯ ಬೆಳಕನ್ನು ಹೀರುತ್ತವೆ.

ಗಮನಿಸಿ, ಹರಡುವುದು ಎಡಬಲಕ್ಕೆ. ಮೇಲೆ ಕೆಳಗೆ ಹರಡಲು ಬೆಳಕಿನ ಬಡ್ಜೆಟ್ಟಿನಲ್ಲಿ ಹಣವಿಲ್ಲ. 21 ಇಂಚಿನ ಪರದೆಗಿಂತ 43 ಇಂಚಿನ ಪರದೆಯ ವಿಸ್ತೀರ್ಣ ನಾಲ್ಕು ಪಟ್ಟಿಗೂ ಹೆಚ್ಚು. ಅದೇ ಬೆಳಕು ಅಷ್ಟಗಲ ಹರಡಿದರೆ ಚಿತ್ರ ಕಾಲು ಪಾಲಿಗಿಂತಲೂ ಮಂಕು. ಪರದೆಯೇನೂ ಬೆಳಕು ಹುಟ್ಟಿಸದು. ಚಾವಣಿಗೂ ನೆಲಕ್ಕೂ ಹೋಗುತ್ತಿದ್ದ ಬೆಳಕನ್ನು ತಡೆದು ಸೋಫಾದ ಕಡೆಗೆ ತಿರುಗಿಸುತ್ತದೆ. ಸಾಲಾಗಿ ಸೋಫಾದಲ್ಲಿ ಕೂರುವ ಅಮೆರಿಕನ್ ಮನೆಗೆ ಇದು ಸರಿಹೋಯಿತು. ಕಲಬುರಗಿ, ಹೈದರಾಬಾದುಗಳ ಮನೆಗಳಲ್ಲಿ ಹಿರಿಯರು ದಿವಾನದ ಮೇಲೆ, ಮಕ್ಕಳು ಜಮಖಾನೆಯ ಮೇಲೆ, ಇನ್ನು ಕೆಲವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾರೆ. ಪರದೆಗೆ ಹತ್ತಿರ ನೆಲದಲ್ಲಿ ಕೂತ ಹುಡುಗನಿಗೆ ಮೇಲಂಚು ಮಬ್ಬು. ಅವನೇ ಎದ್ದು ನಿಂತರೆ ಕೆಳಗಿನಂಚು ಮಬ್ಬು. ಅಂಗಡಿಯಲ್ಲಿ ನಿಂತು ನೋಡಿ ಹಣ ಕೊಟ್ಟವರು ಒಮ್ಮೆ ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು ನೋಡಿದ್ದರೆ ವ್ಯತ್ಯಾಸ ಆಗಲೇ ತಿಳಿಯುತ್ತಿತ್ತು. ಈ ಪರೀಕ್ಷೆಗೆ ಬೇಕಾದದ್ದು ಸ್ವಲ್ಪ ನಾಚಿಕೆ ಬಿಡುವುದಷ್ಟೇ.

ಹೊಸ ಶತಮಾನದಲ್ಲಿ ಪೆಟ್ಟಿಗೆಯೊಳಗಿನ ಟ್ಯೂಬುಗಳು ಹೋಗಿ ಚಿಪ್ಪುಗಳು ಬಂದವು. ಆಳ ಒಂದೂಕಾಲು ಅಡಿಗೆ ಇಳಿಯಿತು, ತೂಕ ಇಬ್ಬರು ಎತ್ತುವಷ್ಟಕ್ಕೆ ಬಂತು. ಇವುಗಳಲ್ಲಿ ಅತ್ಯಂತ ಬೆರಗಿನದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಡಿಎಲ್‌ಪಿ. ಅದರ ವಿಜ್ಞಾನಿ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಸೃಷ್ಟಿಸಿದ ಚಿಪ್ಪಿನ ಮೇಲೆ ಲಕ್ಷಾಂತರ ಪುಟಾಣಿ ಅಲ್ಯೂಮಿನಿಯಂ ಕನ್ನಡಿಗಳಿವೆ. ಒಂದೊಂದೂ ಕೂದಲಿನ ದಪ್ಪಕ್ಕಿಂತ ಕಿರಿದು. ಪ್ರತಿಯೊಂದೂ ಸೆಕೆಂಡಿಗೆ ಸಾವಿರಾರು ಬಾರಿ ಹತ್ತು ಹನ್ನೆರಡು ಡಿಗ್ರಿ ಅತ್ತಿತ್ತ ವಾಲುತ್ತದೆ. ಅತ್ತ ವಾಲಿದರೆ ಬೆಳಕು ಪರದೆಗೆ, ಇತ್ತ ವಾಲಿದರೆ ಕತ್ತಲಿಗೆ. ಪರದೆಯ ಕಡೆ ಎಷ್ಟು ಹೊತ್ತು ವಾಲಿತೆಂಬುದರ ಮೇಲೆ ಆ ಚುಕ್ಕಿಯ ಬೆಳಕಿನ ಪ್ರಮಾಣ. 720 ಗೆರೆಯ ಚಿಪ್ಪಿನಲ್ಲಿ ಇಂಥ 9,21,600 ಕನ್ನಡಿಗಳು. 1080 ಗೆರೆಯ ಮೊದಲ ಟಿವಿಗಳು ಬಂದಾಗ ಕಂಪನಿಗಳು ಸ್ವಲ್ಪ ಕೈಚಳಕವನ್ನೂ ತೋರಿಸಿದವು. ಬೇಕಾದದ್ದರ ಅರ್ಧದಷ್ಟೇ ಕನ್ನಡಿಗಳನ್ನಿಟ್ಟು, ಚಿತ್ರವನ್ನು ಅರ್ಧ ಚುಕ್ಕಿಯಷ್ಟು ಬೇಗಬೇಗ ಅಲುಗಿಸಿ ಒಂದು ಕನ್ನಡಿಯಿಂದ ಎರಡು ಚುಕ್ಕಿ ಮೂಡಿಸಿದವು. ಕಣ್ಣಿಗೆ ಗೊತ್ತಾಗಲಿಲ್ಲ, ಕಾಗದದ ಮೇಲೆ ಮಾತ್ರ ವಾದ ನಡೆಯಿತು. ಹಾರ್ನ್‌ಬೆಕ್‌ಗೆ 2015ರಲ್ಲಿ ಆಸ್ಕರ್ ಪ್ರತಿಮೆಯೇ ಸಿಕ್ಕಿತು, ಸಿನಿಮಾ ಮಂದಿರಗಳ ಡಿಜಿಟಲ್ ಪ್ರೊಜೆಕ್ಟರುಗಳಲ್ಲೂ ಅದೇ ಚಿಪ್ಪು ಕೂತಿದ್ದಕ್ಕಾಗಿ.

ಚಿಪ್ಪು ಒಂದೇ ಆದ್ದರಿಂದ ಮನೆಯ ಡಿಎಲ್‌ಪಿ ಸೆಟ್ಟಿನಲ್ಲಿ ಮೂರು ಬಣ್ಣ ಸರದಿಯಲ್ಲಿ ಬರುತ್ತವೆ. ದೀಪದ ಮುಂದೆ ತಿರುಗುವ ಬಣ್ಣದ ಗಾಜಿನ ಚಕ್ರ ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದಾದ ಮೇಲೊಂದು ಎಸೆಯುತ್ತದೆ. ಮಿದುಳು ಅವನ್ನು ಬೆರೆಸಿ ಒಂದಾಗಿಸುತ್ತದೆ. ಆದರೆ ಕಣ್ಣು ಥಟ್ಟನೆ ಹೊರಳಿದಾಗ ಮೂರೂ ಅಕ್ಷಿಪಟದ ಬೇರೆ ಬೇರೆ ಜಾಗಕ್ಕೆ ಬಿದ್ದು ಕಾಮನಬಿಲ್ಲಿನ ಚೂರುಗಳು ಚಿಮ್ಮುತ್ತವೆ. ಹೆಚ್ಚಿನವರಿಗೆ ಇದು ಕಾಣದು. ಕಂಡವರಿಗೆ ತಲೆನೋವು ತಪ್ಪದು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳ ಟೈಟಲ್ ಕಾರ್ಡ್ ಹಾಕಿಸಿ, ದೃಷ್ಟಿಯನ್ನು ಅಡ್ಡಡ್ಡ ಬೀಸಿ ನೋಡಿದರೆ ತಾನು ಯಾವ ಗುಂಪಿನವನೆಂದು ತಿಳಿಯುತ್ತದೆ. ಮನೆಮಂದಿಯಲ್ಲಿ ಒಬ್ಬರಿಗೆ ಕಂಡರೂ ಆ ಸೆಟ್ಟು ಆ ಮನೆಗೆ ಬೇಡ. ಮೂರು ಎಲ್‌ಸಿಡಿ ಫಲಕಗಳ ಸೆಟ್ಟಿಗೆ ಈ ತೊಂದರೆ ಇರಲಿಲ್ಲ. ಅದಕ್ಕೆ ಬೇರೆಯದೇ ಕಾಯಿಲೆ: ಕಪ್ಪು ಎಂದರೆ ಬೂದು, ಹತ್ತಿರದಿಂದ ನೋಡಿದರೆ ಸೊಳ್ಳೆಪರದೆಯ ಆಚೆಗಿನ ಚಿತ್ರ, ವರ್ಷಗಟ್ಟಲೆ ದೀಪದ ಕಾವಿಗೆ ಬಾಡಿದ ಫಲಕಗಳಿಂದ ಬಣ್ಣದ ಕಲೆ. ಎರಡರ ಗುಣವನ್ನೂ ಕೂಡಿಸಿಕೊಂಡ ಮೂರನೆಯ ಜಾತಿ ಎಲ್‌ಕಾಸ್. ಜೆವಿಸಿಯವರು ಅದನ್ನು ಡಿ-ಐಎಲ್‌ಎ ಎಂದರು, ಸೋನಿಯವರು ಎಸ್‌ಎಕ್ಸ್‌ಆರ್‌ಡಿ ಎಂದರು. ಚಿತ್ರದ ಮಟ್ಟಿಗೆ ಅದೇ ಮೇಲು, ಬೆಲೆಯ ಮಟ್ಟಿಗೂ.

ಮೂರಕ್ಕೂ ಸಮಾನ ಶತ್ರು ದೀಪ. ಫಿಲಿಪ್ಸ್ ಕಂಪನಿ 1995ರಲ್ಲಿ ಹೊರತಂದ ಯುಎಚ್‌ಪಿ ಮಾದರಿಯ ಪಾದರಸದ ದೀಪವದು. ಒಳಗೆ ಇನ್ನೂರು ವಾತಾವರಣದಷ್ಟು ಒತ್ತಡ, ಕಿಡಿ ಹಾರುವ ಸಂದು ಮಿಲಿಮೀಟರ್ ಆಸುಪಾಸು. ಬಾಳಿಕೆ ಆರೇಳು ಸಾವಿರ ಗಂಟೆ. ದಿನಕ್ಕೆ ಐದು ಗಂಟೆ ನೋಡುವ ಮನೆಯಲ್ಲಿ ಸುಮಾರು ಮೂರೂವರೆ ವರ್ಷಕ್ಕೊಂದು ದೀಪ. ಸೆಟ್ಟು ಆರಿಸಿದ ಮೇಲೂ ಒಂದೆರಡು ನಿಮಿಷ ಫ್ಯಾನು ತಿರುಗುತ್ತಿರುವುದು ಈ ದೀಪವನ್ನು ತಣಿಸಲೆಂದೇ. ಇಲ್ಲಿಯೇ ನಮ್ಮ ಊರುಗಳ ವಿಷಯ ಬರುವುದು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಅದೇ ಹೊತ್ತಿಗೆ ಕೈಕೊಡುವ ಕರೆಂಟು. ಸಿನಿಮಾದ ನಡುವೆ ಕರೆಂಟು ಹೋದರೆ ದೀಪದ ಜತೆಗೆ ಫ್ಯಾನೂ ನಿಂತು, ಕೆಂಡದಂಥ ದೀಪ ತನ್ನ ಕಾವಿನಲ್ಲೇ ಬೇಯುತ್ತದೆ. ಮರುಕ್ಷಣ ಕರೆಂಟು ಬಂದರೂ ಬಿಸಿ ದೀಪ ಹೊತ್ತಿಕೊಳ್ಳದು. ಸ್ಟೆಬಿಲೈಸರ್ ವೋಲ್ಟೇಜಿನ ಏರಿಳಿತ ನೋಡಿಕೊಳ್ಳುತ್ತದೆ, ಇದಕ್ಕೆ ಬೇಕಾದದ್ದು ಯುಪಿಎಸ್. ಟಿವಿಯ ಬೆಲೆ ಕೇಳಿ ಬಂದವರು ಯುಪಿಎಸ್, ಒಂದು ಬದಲಿ ದೀಪ ಎರಡನ್ನೂ ಕೂಡಿಸಿ ಹೇಳುವ ಅಂಗಡಿಯವನನ್ನು ಅನುಮಾನದಿಂದ ನೋಡುತ್ತಿದ್ದರು. ಅವನೇ ಪ್ರಾಮಾಣಿಕ.

ಇನ್ನೊಂದು ಸಂಗತಿಯನ್ನು ಜಾಹೀರಾತುಗಳು ಯಾವತ್ತೂ ದಪ್ಪಕ್ಷರದಲ್ಲಿ ಹೇಳಲಿಲ್ಲ. 2004, 2005ರ ಹೊತ್ತಿಗೆ 50 ಇಂಚಿನ ‘ಎಚ್‌ಡಿ’ ಸೆಟ್ಟು ಕೊಂಡವನ ಮನೆಗೆ ಎಚ್‌ಡಿ ಬರುತ್ತಲೇ ಇರಲಿಲ್ಲ. ಬ್ಲೂ-ರೇ ತಟ್ಟೆಯಲ್ಲಿ ಸಿನಿಮಾ ಬಂದದ್ದೇ 2006ರಲ್ಲಿ. ದೂರದರ್ಶನ ಎಚ್‌ಡಿಗೆ ಕಾಲಿಟ್ಟದ್ದು 2010ರ ಅಕ್ಟೋಬರಿನ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ. ಅಲ್ಲಿಯ ತನಕ 720 ಗೆರೆಯ ಸೆಟ್ಟು 576 ಗೆರೆಯ ಕೇಬಲ್ ಚಿತ್ರವನ್ನು ಎಳೆದು ಹಿಗ್ಗಿಸಿ ತೋರಿಸುತ್ತಿತ್ತು, ಅದೂ ಕೇಬಲ್‌ನವನ ಕೃಪೆಯಿಂದ ಬಂದ ಜರಡಿ ಸಮೇತ. ಸಣ್ಣ ಟಿವಿ ಮುಚ್ಚಿಡುತ್ತಿದ್ದ ದೋಷಗಳೆಲ್ಲ ಐವತ್ತು ಇಂಚಿಗೆ ಹಿಗ್ಗಿದವು. ಒಳ್ಳೆಯ ಡಿವಿಡಿ ಪ್ಲೇಯರ್‌ಗೂ ಸ್ಪೀಕರ್‌ಗಳಿಗೂ ಹಣ ಉಳಿಸಿಕೊಂಡು, ಸೆಟ್ಟಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದವರೇ ಆಗ ಹೆಚ್ಚು ಸುಖಪಟ್ಟರು.

ಟಾಕೀಸಿನ ಅನುಭವವೆಂದರೆ ಏನೆಂಬುದಕ್ಕೂ ಒಂದು ಅಳತೆಯಿದೆ. ಪರದೆಯ ಅಗಲ ಕಣ್ಣಿನಲ್ಲಿ ಕನಿಷ್ಠ ಮೂವತ್ತು ಡಿಗ್ರಿಯನ್ನಾದರೂ ತುಂಬಬೇಕು ಎಂಬುದು ಚಿತ್ರೋದ್ಯಮದ ತಂತ್ರಜ್ಞರ ಶಿಫಾರಸು. 50 ಇಂಚಿನ ಅಗಲ ಪರದೆಯಲ್ಲಿ ಇದು ಸಿಗಬೇಕಾದರೆ ಎರಡು ಮೀಟರ್ ದೂರದಲ್ಲಿ ಕೂರಬೇಕು. ಆದರೆ ಅಷ್ಟು ಹತ್ತಿರ ಕೂತರೆ 576 ಗೆರೆಗಳು ಕಣ್ಣಿಗೆ ಹೊಡೆಯುತ್ತವೆ. 1080 ಗೆರೆಗಳಾದರೆ ಮಾತ್ರ ಅದೇ ಎರಡು ಮೀಟರಿನಲ್ಲಿ ಗೆರೆಗಳು ಕರಗುತ್ತವೆ. 2003ರಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಪ್ರಸಾದ್ಸ್ ಐಮ್ಯಾಕ್ಸ್ ಬಾಗಿಲು ತೆರೆದು 72 ಅಡಿ ಎತ್ತರದ ಪರದೆ ತೋರಿಸಿದಾಗ, ಮನೆಯಲ್ಲಿ ಪ್ರೊಜೆಕ್ಷನ್ ಟಿವಿ ಇಟ್ಟುಕೊಂಡ ಹೈದರಾಬಾದಿನವರಿಗೆ ಸಣ್ಣ ಹೊಟ್ಟೆಯುರಿಯಾದರೂ ಆಗಿರಬೇಕು.

ಕೊನೆಗೆ ಈ ಜಾತಿಯನ್ನು ಮುಗಿಸಿದ್ದು ಗೋಡೆಗೆ ನೇತುಹಾಕುವ ಟಿವಿ. ಪ್ಲಾಸ್ಮಾ, ಎಲ್‌ಸಿಡಿಗಳ ಬೆಲೆ ವರ್ಷ ವರ್ಷ ಕುಸಿಯುತ್ತ ಬಂದಂತೆ ದೀಪ ಬದಲಿಸುವ ಪೆಟ್ಟಿಗೆಯನ್ನು ಕೇಳುವವರಿಲ್ಲವಾದರು. ಸೋನಿ 2007ರ ಡಿಸೆಂಬರಿನಲ್ಲಿ ಕೈತೊಳೆದುಕೊಂಡಿತು. ಮಿಟ್ಸುಬಿಷಿ ಒಂದೇ ಕೊನೆಯ ತನಕ ಕಾದಾಡಿತು: 2008ರಲ್ಲಿ ದೀಪದ ಬದಲು ಲೇಸರ್ ಕಿರಣದ ಸೆಟ್ಟು, 2011ರಲ್ಲಿ 92 ಇಂಚಿನ ಡಿಎಲ್‌ಪಿ. 2012ರ ಡಿಸೆಂಬರಿನಲ್ಲಿ ಅದೂ ನಿಲ್ಲಿಸಿತು. ವಿದ್ಯುತ್ ಜಾಲದ ಮತ್ತು ಪೊಲೀಸ್ ಕಂಟ್ರೋಲ್ ರೂಮುಗಳಲ್ಲಿ ಮಾತ್ರ ಹಿಂಬದಿಯಿಂದ ಬೆಳಗುವ ಡಿಎಲ್‌ಪಿ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಜೋಡಿಸಿಕೊಂಡು ಉಳಿದವು. ದಿನದ ಇಪ್ಪತ್ತನಾಲ್ಕು ಗಂಟೆಯೂ ಅದೇ ನಕ್ಷೆ ತೋರಿಸಿದರೂ ಕನ್ನಡಿಗಳಿಗೆ ಹಚ್ಚೆ ಬೀಳುವುದಿಲ್ಲ, ಎರಡು ಪೆಟ್ಟಿಗೆಗಳ ನಡುವಿನ ಸಂದು ಕೂಡ ಕಾಣದಷ್ಟು ಸಣ್ಣದು.

ಹನ್ನೆರಡು ಅಡಿ ಹಾಲು ಮಾತ್ರ ಹನ್ನೆರಡು ಅಡಿಯಾಗಿಯೇ ಇದೆ. ಅದೇ 2.9 ಮೀಟರಿನಿಂದ 1080 ಗೆರೆಯ ಚಿತ್ರ ನೋಡುವವನಿಗೆ ಈಗ 73 ಇಂಚು ಸಲ್ಲುತ್ತದೆ. 4ಕೆ ಆದರೆ ಲೆಕ್ಕ 146 ಇಂಚಿಗೆ ಹೋಗುತ್ತದೆ, ಹೆಚ್ಚುಕಮ್ಮಿ ಇಡೀ ಗೋಡೆಯೇ ಬೇಕು. ನೂರು ಇಂಚು ದಾಟಬೇಕೆನ್ನುವವರಿಗೆ ಅಂಗಡಿಗಳಲ್ಲಿ ಈಗ ‘ಲೇಸರ್ ಟಿವಿ’ ತೋರಿಸುತ್ತಾರೆ. ಗೋಡೆಯ ಬುಡದಲ್ಲೇ ಕೂತು ಮೇಲಕ್ಕೆ ಚಿತ್ರ ಎಸೆಯುವ ಪ್ರೊಜೆಕ್ಟರ್ ಅದು. ಒಳಗೆ ಹೆಚ್ಚಾಗಿ ಹಾರ್ನ್‌ಬೆಕ್‌ನ ಕನ್ನಡಿ ಚಿಪ್ಪೇ ಇರುತ್ತದೆ. ಜತೆಗೆ ಮಾರುವ ವಿಶೇಷ ಪರದೆಯ ಮೈಮೇಲೆ ಗರಗಸದ ಹಲ್ಲಿನಂಥ ಏಣುಗಳಿದ್ದು, ಕೆಳಗಿನಿಂದ ಬಂದ ಬೆಳಕನ್ನು ನೋಡುಗರ ಕಡೆ ತಿರುಗಿಸಿ ಮೇಲಿನಿಂದ ಬಂದದ್ದನ್ನು ಹೀರಿಕೊಳ್ಳುತ್ತವೆ. ಪ್ರೊಜೆಕ್ಟರನ್ನು ಅರ್ಧ ಸೆಂಟಿಮೀಟರ್ ಸರಿಸಿದರೆ ಚಿತ್ರ ಪರದೆಯ ಅಂಚು ದಾಟಿ ಗೋಡೆಗೆ ಹರಿಯುತ್ತದೆ, ಹಾಗಾಗಿ ಅದನ್ನಿಡುವ ಮೇಜು ಅಲುಗಾಡಬಾರದು. ಧೂಳು ಹೊಡೆಯುವಾಗ ಕೈ ತಾಗದಂತೆ ನೋಡಿಕೊಳ್ಳಬೇಕು. ಚಾವಣಿಯ ಟ್ಯೂಬ್‌ಲೈಟು ಉರಿಯುತ್ತಿದ್ದರೂ ಇಂಥ ಪರದೆ ಹೆಚ್ಚು ಮಂಕಾಗುವುದಿಲ್ಲ. ಎದುರಿನ ಕಿಟಕಿಯಿಂದ ನೇರ ಬರುವ ಮಧ್ಯಾಹ್ನದ ಬೆಳಕಿಗೆ ಅದರಲ್ಲಿ ಉತ್ತರವಿಲ್ಲ. ದಪ್ಪ ಬಟ್ಟೆಯ ಕರ್ಟನ್ನಿನ ಖರ್ಚನ್ನೂ ಟಿವಿಯ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು.